ಅಟ್ಟದಿಂದ ಇಳಿದ ಹಾರ್ಮೋನಿಯಂ

ಮಕ್ಕಳೇ, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಪುಟ ಓದುವ ಅಜ್ಜ ಅಜ್ಜಿಯರೇ,

ಹೋದ ತಿಂಗಳು ಚನ್ನರಾಯಪಟ್ಟಣದಿಂದ ನನ್ನ ತಮ್ಮ ಫೋನ್ ಮಾಡಿದ. "ಅಣ್ಣಾ, ಮನೆಗೆ ಸುಣ್ಣ ಬಣ್ಣ ಮಾಡಿಸ್ತಿದೀನಿ. ಅಟ್ಟ ಖಾಲಿ ಮಾಡ್ಬೇಕು. ಅಪ್ಪನ ಹಾರ್ಮೋನಿಯಂ ಅಲ್ಲೇ ಇದೆ. ಗುಜರಿಯವನು ಬಂದಿದ್ದ. ಮರಕ್ಕೆ ಬೆಲೆ ಇಲ್ವಂತೆ, ಒಳಗಿರೋ ಹಿತ್ತಾಳೆಗೆ ತೂಕದ ಲೆಕ್ಕದಲ್ಲಿ ಕೊಡ್ತಾನಂತೆ. ಏನ್ ಮಾಡ್ಲಿ?"

ನಾನು ತಕ್ಷಣ ಉತ್ತರ ಹೇಳಲಿಲ್ಲ. ನಿಜ ಹೇಳಬೇಕೆಂದರೆ "ಕೊಟ್ಟುಬಿಡು" ಎಂಬ ಮಾತು ಬಾಯಿಗೆ ಬಂದಿತ್ತು. ಅದಕ್ಕೊಂದು ಕಾರಣ ಇತ್ತು, ಆಮೇಲೆ ಹೇಳುತ್ತೇನೆ. ಸದ್ಯಕ್ಕೆ "ಒಂದು ವಾರ ತಡಿ" ಎಂದೆ.

ಪಕ್ಕದಲ್ಲಿ ಹೋಂವರ್ಕ್ ಮಾಡುತ್ತಿದ್ದ ಮೊಮ್ಮಗಳು ತಲೆ ಎತ್ತಿದಳು. ಏಳನೇ ಕ್ಲಾಸಿನವಳು, ಅವಳ ಕಿವಿಗೆ ಬೀಳದ ಫೋನ್ ಮಾತೇ ನಮ್ಮ ಮನೆಯಲ್ಲಿ ಇಲ್ಲ. "ತಾತ, ಹಾರ್ಮೋನಿಯಂ ಅಂದ್ರೆ ಚಿಕ್ಕ ಪಿಯಾನೋ ಅಲ್ವಾ? ಅದನ್ನ ಯಾರಾದ್ರೂ ತೂಕಕ್ಕೆ ಹಾಕ್ತಾರಾ?"

ಆ ಪ್ರಶ್ನೆಗೆ ಸೋತು ಮುಂದಿನ ಭಾನುವಾರ ಇಬ್ಬರೂ ಹಾಸನದಿಂದ ಬಸ್ ಹತ್ತಿದೆವು. ವಾಪಸು ಬರುವಾಗ ಹಳೇ ಜಮಖಾನದಲ್ಲಿ ಸುತ್ತಿದ ಪೆಟ್ಟಿಗೆ ನಮ್ಮಿಬ್ಬರ ತೊಡೆಯ ಮೇಲಿತ್ತು. ಕಂಡಕ್ಟರ್ ನೋಡಿದ ಕೂಡಲೇ ಗುರುತು ಹಿಡಿದರು. "ಏನ್ ಸಾರ್, ನಾಟಕ ಇದೆಯಾ?" ಎಂದರು. "ಇದೆ, ಇನ್ನೂ ತಾಲೀಮು ಶುರುವಾಗಿಲ್ಲ" ಎಂದಳು ಮೊಮ್ಮಗಳು.

ನಮ್ಮ ಜಿಲ್ಲೆಯಲ್ಲಿ ಹಾರ್ಮೋನಿಯಂ ಎಂದರೆ ನಾಟಕ ನೆನಪಾಗುವುದು ಸಹಜ. ನಮ್ಮಪ್ಪ ಹೊಳೆನರಸೀಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಾಟಕದ ಮೇಷ್ಟ್ರು. ಸುಗ್ಗಿ ಮುಗಿದು ಕಣ ಖಾಲಿಯಾದರೆ ಹೊಳೆನರಸೀಪುರ, ಅರಕಲಗೂಡು ಕಡೆಯ ಹಳ್ಳಿಗಳಿಂದ ಕರೆ ಬರುತ್ತಿತ್ತು. 'ಕುರುಕ್ಷೇತ್ರ' ಆಡುತ್ತೇವೆ, ಕಲಿಸಿ ಕೊಡಿ ಎಂದು. ಎರಡು ಮೂರು ತಿಂಗಳು ದೇವಸ್ಥಾನದ ಜಗಲಿಯಲ್ಲಿ ರಾತ್ರಿ ತಾಲೀಮು. ಹಗಲೆಲ್ಲ ಹೊಲದಲ್ಲಿ ದುಡಿದು ಬಂದವರು ಕೈಕಾಲು ತೊಳೆದು ಕೃಷ್ಣ, ಭೀಮ, ದುರ್ಯೋಧನ ಆಗುತ್ತಿದ್ದರು. ಓದು ಬರದವರೂ ಹಾಡುಗಳನ್ನು ಕಿವಿಯಿಂದಲೇ ಕಲಿಯುತ್ತಿದ್ದರು. ಅಪ್ಪ ಒಂದು ಮನೆ ಒತ್ತಿ ಹಿಡಿದು "ಇದು ನಿನ್ನ ಷಡ್ಜ, ಬಿಡಬೇಡ" ಎನ್ನುತ್ತಿದ್ದರು. ಇಂದಿಗೂ ಹಾಸನದ ಹಾಸನಾಂಬ ಕಲಾಕ್ಷೇತ್ರದಲ್ಲಿ ಪೌರಾಣಿಕ ನಾಟಕ ನಡೆಯುವ ದಿನ ವೇದಿಕೆಯ ಪಕ್ಕದಲ್ಲಿ ಹಾರ್ಮೋನಿಯಂ ಮೇಷ್ಟ್ರು ಕೂತಿರುವುದನ್ನು ನೀವು ನೋಡಬಹುದು.

ಈಗ ಮೊಮ್ಮಗಳ ಪ್ರಶ್ನೆಗೆ ಬರೋಣ. ಹಾರ್ಮೋನಿಯಂ ಚಿಕ್ಕ ಪಿಯಾನೋ ಅಲ್ಲ. ಬಿಳಿ ಕಪ್ಪು ಮನೆಗಳ ಸಾಲು ಮಾತ್ರ ಒಂದೇ. ಪಿಯಾನೋ ತಂತಿವಾದ್ಯ. 1700ರ ಸುಮಾರಿಗೆ ಇಟಲಿಯ ಕ್ರಿಸ್ಟೊಫೊರಿ ಎಂಬುವರು ಮಾಡಿದ್ದು. ಮನೆ ಒತ್ತಿದರೆ ಒಳಗೆ ಉಣ್ಣೆ ಸುತ್ತಿದ ಪುಟ್ಟ ಸುತ್ತಿಗೆ ಹೋಗಿ ತಂತಿಗೆ ಬಡಿಯುತ್ತದೆ. ಇಂದಿನ ಪಿಯಾನೋದಲ್ಲಿ 88 ಮನೆಗಳು, ಸುಮಾರು 230 ತಂತಿಗಳು. ಆ ತಂತಿಗಳೆಲ್ಲ ಸೇರಿ ಎಳೆಯುವ ಬಲ 18ರಿಂದ 20 ಟನ್ನಿನಷ್ಟು. ಅದಕ್ಕೇ ಒಳಗೆ ಎರಕದ ಕಬ್ಬಿಣದ ಚೌಕಟ್ಟು ಬೇಕು. ನಮ್ಮ ಕಡೆ ಪಿಯಾನೋ ಎಂದರೆ ಮೈಸೂರಿನ ಜಯಚಾಮರಾಜೇಂದ್ರ ಒಡೆಯರ್ ಅವರನ್ನು ನೆನೆಯಬೇಕು. ಅವರು ಪಿಯಾನೋ ಕಲಿತವರು, ಲಂಡನ್ನಿನ ಸಂಗೀತ ಶಾಲೆಯ ಪದವಿ ಪಡೆದವರು, ಜೊತೆಗೆ ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನೂ ರಚಿಸಿದವರು. ಅರಮನೆಯ ಆಚೆ ನಮ್ಮಂಥವರ ಮನೆಗೆ ಬಂದದ್ದು ಮಾತ್ರ ಹಾರ್ಮೋನಿಯಂ.

ಹಾರ್ಮೋನಿಯಂ ಗಾಳಿವಾದ್ಯ. ಇದರ ಮೂಲ ರೂಪಕ್ಕೆ ಪ್ಯಾರಿಸ್ಸಿನ ದೆಬೆಯ್ನ್ ಎಂಬುವರು 1840ರ ದಶಕದಲ್ಲಿ ಪೇಟೆಂಟ್ ಪಡೆದರು. ಅದು ಕುರ್ಚಿಯಲ್ಲಿ ಕೂತು ಕಾಲಲ್ಲಿ ತುಳಿದು ನುಡಿಸುವ ದೊಡ್ಡ ಪೆಟ್ಟಿಗೆ. ಅದನ್ನು ನೆಲದ ಮೇಲೆ ಕೂತು ಕೈಯಲ್ಲಿ ಗಾಳಿ ಹಾಕುವಂತೆ ಕಿರಿದು ಮಾಡಿದವರಲ್ಲಿ ಕಲ್ಕತ್ತೆಯ ದ್ವಾರಕಾನಾಥ್ ಘೋಷ್ ಅವರ ಹೆಸರು ದೊಡ್ಡದು. ನಾಟಕ ಕಂಪನಿಗಳು ಕಾಲು ಹಾರ್ಮೋನಿಯಮ್ಮನ್ನೂ ಉಳಿಸಿಕೊಂಡವು, ಏಕೆಂದರೆ ಎರಡೂ ಕೈ ಬಿಡುವಾಗಿರುತ್ತಿತ್ತು.

ಎಲ್ಲರೂ ಇದನ್ನು ಮೆಚ್ಚಲಿಲ್ಲ. 1940ರಲ್ಲಿ ಆಲ್ ಇಂಡಿಯಾ ರೇಡಿಯೋ ಹಾರ್ಮೋನಿಯಂ ಬೇಡ ಎಂದಿತು. ಆ ನಿಷೇಧ ಸಡಿಲವಾಗಲು 1971ರ ವರೆಗೆ ಕಾಯಬೇಕಾಯಿತು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಲು, ಗಮಕ ತೋರಿಸಲು ಇದಕ್ಕೆ ಬರುವುದಿಲ್ಲ ಎಂಬುದು ದೊಡ್ಡ ದೂರು. ಆ ದೂರು ಸುಳ್ಳಲ್ಲ. ಅರಕಲಗೂಡು ತಾಲ್ಲೂಕಿನಲ್ಲೇ ಕಾವೇರಿ ದಡದ ರುದ್ರಪಟ್ಟಣ ಇದೆ. ಆರ್.ಕೆ. ಶ್ರೀಕಂಠನ್ ಅವರಂಥ ವಿದ್ವಾಂಸರು ಹುಟ್ಟಿದ ಊರು, ತಂಬೂರಿಯ ಆಕಾರದ ಮಂದಿರ ಇರುವ ಊರು. ಅಪ್ಪ ರುದ್ರಪಟ್ಟಣದ ಹೆಸರು ಹೇಳುವಾಗ ದನಿ ತಗ್ಗಿಸುತ್ತಿದ್ದರು. "ಅವರದು ತಂಬೂರಿ ಸಂಗೀತ. ನಮ್ಮದು ಜಗಲಿ ಸಂಗೀತ. ಆದ್ರೆ ಶ್ರುತಿ ತಪ್ಪಿದ್ರೆ ಎರಡೂ ಕೆಡ್ತವೆ" ಎನ್ನುತ್ತಿದ್ದರು.

ಸರಿ, ಪೆಟ್ಟಿಗೆ ಮನೆಗೆ ಬಂತು. ಮೊಮ್ಮಗಳು ಗಾಳಿ ಹಾಕಿದಳು. ಬಂದದ್ದು "ಸುಸ್" ಎಂಬ ಸದ್ದು. ಅರ್ಧ ಮನೆಗಳು ಮೂಕ. ಒಂದು ಮನೆ ಮಾತ್ರ ಮುಟ್ಟದೆಯೇ ಕೂಗುತ್ತಿತ್ತು. "ಸತ್ತೋಗಿದೆ ತಾತ" ಎಂದಳು. ಹಳೇ ಹಾರ್ಮೋನಿಯಂ ಸಾಯುವುದು ಅಪರೂಪ ಮಕ್ಕಳೇ. ಧೂಳು ಕುಡಿದು ಮಲಗಿರುತ್ತದೆ, ಅಷ್ಟೆ.

ನಾವು ಮೊದಲೇ ಒಂದು ನಿಯಮ ಮಾಡಿಕೊಂಡೆವು. ಹಿಂದಕ್ಕೆ ತರಬಹುದಾದ ಕೆಲಸ ಮೊದಲು, ಹಿಂದಕ್ಕೆ ತರಲಾಗದ ಕೆಲಸ ಕೊನೆಗೆ. ಗುಡಿಸುವುದು, ಒರೆಸುವುದು, ಸ್ಕ್ರೂ ಬಿಚ್ಚುವುದು ಮೊದಲಿನ ಪಟ್ಟಿ. ಕೆರೆಯುವುದು, ಕತ್ತರಿಸುವುದು ಕೊನೆಯ ಪಟ್ಟಿ.

ಮೂಗಿಗೆ ಬಟ್ಟೆ ಕಟ್ಟಿಕೊಂಡು ಶುರು ಮಾಡಿದೆವು. ಒಂದೊಂದು ಸ್ಕ್ರೂ ಬಿಚ್ಚುವ ಮೊದಲು ಮೊಮ್ಮಗಳು ಫೋನಿನಲ್ಲಿ ಫೋಟೋ ತೆಗೆದಳು. ಬಿಚ್ಚಿದ ಸ್ಕ್ರೂಗಳನ್ನು ಇಡ್ಲಿ ತಟ್ಟೆಯ ಗುಳಿಗಳಲ್ಲಿ ಕ್ರಮವಾಗಿ ಇಟ್ಟಳು. ಅವಳ ಅಜ್ಜಿ ಗೊಣಗಿದಳು, ಆದರೆ ಸ್ಕ್ರೂ ಒಂದೂ ಕಳೆಯಲಿಲ್ಲ.

ಮೊದಲು ತಿದಿ. ಯಾವ ಮನೆಯನ್ನೂ ಒತ್ತದೆ ಗಾಳಿ ತುಂಬಿಸಿ ಕಾಯಿರಿ. ಒಳಗಿನ ತಿದಿ ನಿಧಾನವಾಗಿ ಇಳಿದರೆ ಚೆನ್ನಾಗಿದೆ. ಸರ್ರನೆ ಇಳಿದರೆ ಎಲ್ಲೋ ತೂತು. ತೆಳ್ಳನೆಯ ಕಾಗದದ ಚೂರನ್ನು ಮಡಿಕೆಗಳ ಹತ್ತಿರ ಹಿಡಿದು ಹೋದರೆ ಗಾಳಿ ಸೋರುವಲ್ಲಿ ಅದು ಅಲ್ಲಾಡುತ್ತದೆ. ನಮ್ಮ ತಿದಿಯ ಮೂಲೆಯನ್ನು ಇಲಿ ಕಡಿದಿತ್ತು. ಹಳೇ ಅಂಟು, ಚರ್ಮ ಎಂದರೆ ಇಲಿಗೆ ಹಬ್ಬದ ಊಟ. ತೆಳು ಚರ್ಮದ ತುಂಡೊಂದನ್ನು ಅಂಟಿಸಿ ಒಂದು ರಾತ್ರಿ ಒಣಗಲು ಬಿಟ್ಟೆವು.

ಆಮೇಲೆ ಮುಟ್ಟದೆಯೇ ಕೂಗುವ ಮನೆ. ಪ್ರತಿ ಮನೆಯ ಅಡಿಯಲ್ಲಿ ಒಂದು ತೂತು, ಅದನ್ನು ಮುಚ್ಚುವ ಮೆತ್ತನೆಯ ಬಿಲ್ಲೆ, ಬಿಲ್ಲೆಯನ್ನು ಒತ್ತಿ ಹಿಡಿಯುವ ಸ್ಪ್ರಿಂಗ್ ಇರುತ್ತವೆ. ಬಿಲ್ಲೆಯ ಕೆಳಗೆ ಕಸ ಸೇರಿದರೆ ಅಥವಾ ಸ್ಪ್ರಿಂಗ್ ಜಾರಿದರೆ ಗಾಳಿ ತಾನಾಗಿ ನುಗ್ಗುತ್ತದೆ. ನಮ್ಮದರಲ್ಲಿ ಸಿಕ್ಕಿದ್ದು ಒಂದು ಒಣಗಿದ ಜಿರಲೆಯ ಕಾಲು. ತೆಗೆದ ಕೂಡಲೇ ಕೂಗು ನಿಂತಿತು.

ಕೊನೆಗೆ ಕೀಲಿಮಣೆಯ ಹಲಗೆ ಎತ್ತಿದೆವು. ಅದರ ಅಡಿಯಲ್ಲಿ ಎರಡು ಸಾಲು ರೀಡುಗಳು. ಒಂದೊಂದು ರೀಡೂ ಹಿತ್ತಾಳೆಯ ಪಟ್ಟಿ, ಮಧ್ಯೆ ಸೀಳು, ಸೀಳಿನ ಮೇಲೆ ಒಂದು ತುದಿಯಲ್ಲಿ ಮಾತ್ರ ಬಿಗಿದ ತೆಳ್ಳನೆಯ ನಾಲಗೆ. ಗಾಳಿ ನುಗ್ಗಿದಾಗ ಆ ನಾಲಗೆ ಸೀಳಿನೊಳಗೆ ಮೇಲೆ ಕೆಳಗೆ ಆಡಿ ಸ್ವರ ಹುಟ್ಟಿಸುತ್ತದೆ. ಸೀಳಿಗೂ ನಾಲಗೆಗೂ ನಡುವೆ ಕೂದಲೆಳೆಯಷ್ಟು ಸಂದು. ಅಲ್ಲಿ ಧೂಳಿನ ಒಂದು ಕಣ ಸಿಕ್ಕಿಕೊಂಡರೆ ರೀಡು ಮೂಕವಾಗುತ್ತದೆ. ಮೊಮ್ಮಗಳು ಮೆತ್ತನೆಯ ಒಣ ಬ್ರಷ್ಷಿನಿಂದ ನಾಲಗೆಯ ಬುಡದಿಂದ ತುದಿಯ ಕಡೆಗೆ ಗುಡಿಸಿದಳು. ತೆಳು ಕಾಗದವನ್ನು ನಾಲಗೆಯ ಕೆಳಗೆ ತೂರಿಸಿ ಮೆಲ್ಲಗೆ ಎಳೆದಳು. ಬಾಯಲ್ಲಿ ಊದಬೇಡಿ, ಉಸಿರಿನ ತೇವಕ್ಕೆ ಹಿತ್ತಾಳೆ ಕಪ್ಪಾಗುತ್ತದೆ. ಎಣ್ಣೆ ಹಾಕಲೇಬೇಡಿ, ಅದು ಧೂಳನ್ನು ಕರೆದು ಅಂಟಿಸಿಕೊಳ್ಳುತ್ತದೆ. ಸಂಜೆಯ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲ ಮನೆಗಳೂ ಬಾಯಿ ಬಿಟ್ಟವು.

ಮಾತು ಬಂತು, ಆದರೆ ಶ್ರುತಿ? ಇದಕ್ಕೊಂದು ಆಟ ಹೇಳುತ್ತೇನೆ, ಮಾಡಿ ನೋಡಿ. ಸ್ಟೀಲ್ ಸ್ಕೇಲನ್ನು ಮೇಜಿನ ಅಂಚಿನಲ್ಲಿ ಒತ್ತಿ ಹಿಡಿದು ಹೊರಗಿನ ತುದಿಯನ್ನು ಮೀಟಿ. ಹೊರಗೆ ಹೆಚ್ಚು ಚಾಚಿದರೆ ನಿಧಾನವಾಗಿ ಆಡುತ್ತದೆ, ಕಡಿಮೆ ಚಾಚಿದರೆ ಬೇಗ ಬೇಗ ಆಡುತ್ತದೆ. ಈಗ ತುದಿಗೆ ಚೂರು ಜೇಡಿಮಣ್ಣು ಅಂಟಿಸಿ ಮೀಟಿ. ಆಟ ನಿಧಾನವಾಯಿತು ಅಲ್ಲವೇ? ರೀಡಿನ ನಾಲಗೆಯೂ ಹೀಗೆಯೇ. ತುದಿ ಭಾರವಾದರೆ ಸ್ವರ ಇಳಿಯುತ್ತದೆ, ಹಗುರವಾದರೆ ಏರುತ್ತದೆ. ರಿಪೇರಿ ಮಾಡುವವರು ತುದಿಯಲ್ಲಿ ಕೊಂಚ ಕೆರೆದು ಸ್ವರ ಏರಿಸುತ್ತಾರೆ, ಬುಡದಲ್ಲಿ ಕೆರೆದು ಇಳಿಸುತ್ತಾರೆ.

ಎಷ್ಟು ತಪ್ಪಿದೆ ಎಂದು ಕಿವಿಗೆ ಹೇಗೆ ಗೊತ್ತಾಗುತ್ತದೆ? ಒಂದೇ ಸ್ವರ ಕೊಡಬೇಕಾದ ಎರಡು ರೀಡುಗಳನ್ನು ಒಟ್ಟಿಗೆ ನುಡಿಸಿ. ಒಂದು ಸೆಕೆಂಡಿಗೆ 440 ಸಲ, ಇನ್ನೊಂದು 442 ಸಲ ಆಡುತ್ತಿದ್ದರೆ "ವಾಂವ್, ವಾಂವ್" ಎಂದು ಸೆಕೆಂಡಿಗೆ ಎರಡು ಅಲೆ ಕೇಳುತ್ತದೆ. ಹತ್ತಿರವಾದಷ್ಟೂ ಅಲೆ ನಿಧಾನವಾಗುತ್ತದೆ. ಸರಿಯಾಗಿ ಕೂಡಿದಾಗ ಅಲೆ ನಿಲ್ಲುತ್ತದೆ. ಪಿಯಾನೋ ಶ್ರುತಿ ಮಾಡುವವರೂ ಇದೇ ಅಲೆಯನ್ನು ಕೇಳುತ್ತಾರೆ.

ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ಪಿಯಾನೋದವರು ತಂತಿ ಸುತ್ತಿದ ಗೂಟವನ್ನು ತಿರುಗಿಸುತ್ತಾರೆ. ಹೆಚ್ಚು ಬಿಗಿದರೆ ಸಡಿಲಿಸಬಹುದು. ರೀಡಿನಲ್ಲಿ ಹಾಗಲ್ಲ. ಕೆರೆದ ಹಿತ್ತಾಳೆ ಮತ್ತೆ ಬೆಳೆಯುವುದಿಲ್ಲ. ತುದಿಯಲ್ಲಿ ಹೆಚ್ಚಾಯಿತೆಂದು ಬುಡದಲ್ಲಿ ಕೆರೆದು ಸರಿದೂಗಿಸಬಹುದು, ಆದರೆ ಪ್ರತಿ ಸಲವೂ ನಾಲಗೆ ತೆಳ್ಳಗಾಗುತ್ತದೆ.

ಇದು ನನಗೆ ಗೊತ್ತಿರುವುದು ಪುಸ್ತಕದಿಂದ ಅಲ್ಲ. ಇಲ್ಲಿಗೆ ನಾನು ಆಮೇಲೆ ಹೇಳುತ್ತೇನೆ ಎಂದ ಕಾರಣ ಬಂತು.

ಆಗ ನನಗೆ ಹನ್ನೊಂದು ವರ್ಷ. ಅಪ್ಪ ಯಾವಾಗಲೂ ಹಾಡಿಸುತ್ತಿದ್ದ ಶ್ರುತಿಯ ಪಂಚಮ ಯಾಕೋ ಇಳಿದಂತೆ ಕೇಳುತ್ತಿತ್ತು. ಅಪ್ಪ ಬ್ಲೇಡಿನಿಂದ ರೀಡು ಕೆರೆಯುವುದನ್ನು ದೂರದಿಂದ ನೋಡಿದ್ದೆ. ಅವರು ಹೊಲಕ್ಕೆ ಹೋಗಿದ್ದಾಗ ಪೆಟ್ಟಿಗೆ ಬಿಚ್ಚಿ, ಸರಿ ಮಾಡಿ ಆಶ್ಚರ್ಯಪಡಿಸೋಣ ಎಂದು ತುದಿಯಲ್ಲಿ ಕೆರೆದೆ. ಸ್ವರ ಏರಿತು, ಸ್ವಲ್ಪ ಹೆಚ್ಚೇ ಏರಿತು. ಗಾಬರಿಯಾಗಿ ಬುಡದಲ್ಲಿ ಕೆರೆದೆ. ಅತಿಯಾಗಿ ಇಳಿಯಿತು. ಮತ್ತೆ ತುದಿ, ಮತ್ತೆ ಬುಡ. ಕೊನೆಗೆ ಆ ಮನೆ ಒತ್ತಿದರೆ ಕೆಮ್ಮು ಹತ್ತಿದ ಮೇಕೆಯಂತೆ ಸದ್ದು. ಪೆಟ್ಟಿಗೆ ಮುಚ್ಚಿಟ್ಟು ಆಟಕ್ಕೆ ಓಡಿದೆ. ಅಂದು ರಾತ್ರಿ ಅಪ್ಪನಿಗೆ ಅರಕಲಗೂಡು ಕಡೆಯ ಹಳ್ಳಿಯಲ್ಲಿ ತಾಲೀಮು ಇತ್ತು. ಅವರು ಸರಿರಾತ್ರಿ ಬಂದಾಗ ನಾನು ಕಂಬಳಿ ಹೊದ್ದು ನಿದ್ದೆ ಬಂದವನಂತೆ ಬಿದ್ದುಕೊಂಡಿದ್ದೆ.

ಬೆಳಿಗ್ಗೆ ಅಪ್ಪ ಏನೂ ಕೇಳಲಿಲ್ಲ. ಮಾರನೇ ದಿನವೂ ಕೇಳಲಿಲ್ಲ. ಒಂದು ವಾರದಲ್ಲಿ ಪಂಚಮ ಮೊದಲಿನಂತೆ ನುಡಿಯಿತು. ಹೊಸ ರೀಡು ತರಿಸಿರಬೇಕು ಎಂದುಕೊಂಡೆ. ಆಮೇಲೆ ಅಪ್ಪ "ಬಾರೋ, ಕೂತ್ಕೋ" ಎಂದು ಪೆಟ್ಟಿಗೆಯ ಮುಂದೆ ಕರೆದಾಗಲೆಲ್ಲ ನನಗೆ ಓದುವುದಿದೆ ಎಂದೆ. ಕೆಲವು ತಿಂಗಳಾದ ಮೇಲೆ ಅವರು ಕರೆಯುವುದನ್ನು ಬಿಟ್ಟರು. ನಾನು ಸಂಗೀತ ಕಲಿಯಲೇ ಇಲ್ಲ. ನಾನು ಮಾಡಿದ್ದನ್ನು ಅವರಿಗೆ ಹೇಳಲೂ ಇಲ್ಲ. ಅವರು ಹೋಗಿ ಇಪ್ಪತ್ತು ವರ್ಷಗಳಾದವು.

ಇದನ್ನೆಲ್ಲ ಮೊಮ್ಮಗಳಿಗೂ ಹೇಳಿರಲಿಲ್ಲ. ಶ್ರುತಿಯ ಕೆಲಸ ನಮ್ಮಿಂದಾಗದು ಎಂದು ಹಾಸನದ ಪೇಟೆಯಲ್ಲಿ ಹಾರ್ಮೋನಿಯಂ ರಿಪೇರಿ ಮಾಡುವ ಹಿರಿಯರೊಬ್ಬರ ಬಳಿ ಪೆಟ್ಟಿಗೆ ಒಯ್ದೆವು. ಅವರು ಒಂದೊಂದೇ ಮನೆ ಒತ್ತಿ ಕೇಳಿದರು. ಒಂದು ಕಡೆ ಸ್ವರ ಇಳಿದಿತ್ತು. ಬ್ಲೇಡು ತೆಗೆಯುತ್ತಾರೆ ಎಂದುಕೊಂಡೆ. ಅವರು ತೆಗೆದದ್ದು ಬ್ರಷ್ಷು. ಭೂತಗನ್ನಡಿ ಹಿಡಿದು ನಾಲಗೆಯ ತುದಿಯಲ್ಲಿ ಗಟ್ಟಿಯಾಗಿ ಕೂತಿದ್ದ ಕೊಳೆ ಬಿಡಿಸಿದರು. ಸ್ವರ ತಾನಾಗಿ ಸರಿಹೋಯಿತು. "ಜೇಡಿಮಣ್ಣು!" ಎಂದಳು ಮೊಮ್ಮಗಳು. ನಾನು ಸುಮ್ಮನೆ ಕೂತೆ. ಅಂದಿನ ಪಂಚಮಕ್ಕೂ ಬಹುಶಃ ಬೇಕಾಗಿದ್ದದ್ದು ಬ್ರಷ್ಷು ಮಾತ್ರ.

ಬಲಗಡೆಯ ಕೊನೆಯ ಹತ್ತಿರದ ಒಂದು ಮನೆಗೆ ಬಂದಾಗ ಅವರ ಕೈ ನಿಂತಿತು. ಮೇಕೆ ಕೆಮ್ಮಿತು. ಆ ರೀಡು ತೆಗೆದು ಬೆಳಕಿಗೆ ಹಿಡಿದರು. "ಯಾರೋ ಕಲಿಯೋರು ಕೆರೆದಿದಾರೆ. ಆದ್ರೆ ಇದು ಇಲ್ಲಿಯ ರೀಡಲ್ಲ, ಮೇಲಿನ ಸಾಲಿನದು. ಮಧ್ಯದಿಂದ ತಂದು ಇಲ್ಲಿ ಹಾಕಿದಾರೆ" ಎಂದರು.

ಎರಡು ಸಾಲು ರೀಡು ಇರುವ ಹಾರ್ಮೋನಿಯಮ್ಮಿನಲ್ಲಿ ಒಂದು ಸಾಲು ಇನ್ನೊಂದಕ್ಕಿಂತ ಒಂದು ಸ್ಥಾಯಿ ಕೆಳಗೆ ನುಡಿಯುತ್ತದೆ. ಹಾಗಾಗಿ ಮೇಲಿನ ಸಾಲಿನಲ್ಲಿ ಮಧ್ಯದಲ್ಲಿರುವ ಸ್ವರವೇ ಕೆಳಗಿನ ಸಾಲಿನಲ್ಲಿ ಇನ್ನೂ ಬಲಕ್ಕೆ ಸಿಗುತ್ತದೆ. ಅಪ್ಪ ಹೊಸ ರೀಡು ತಂದಿರಲಿಲ್ಲ. ಬಲಗಡೆಯ ಒಳ್ಳೆಯ ರೀಡನ್ನು ಮಧ್ಯಕ್ಕೆ ಹಾಕಿ, ನಾನು ಕೆಡಿಸಿದ್ದನ್ನು ಬೆರಳು ಹೋಗದ ಮೂಲೆಗೆ ಹಾಕಿದ್ದರು. ಅಪ್ಪನಿಗೆ ಗೊತ್ತಿತ್ತು.

ಅಲ್ಲೇ, ಆ ಅಂಗಡಿಯ ಸ್ಟೂಲಿನ ಮೇಲೆ ಕೂತು ಮೊಮ್ಮಗಳಿಗೆ ಎಲ್ಲ ಹೇಳಿದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ ಕೇಳಿದಳು: "ಮುತ್ತಾತ ಬೈದಿದ್ರೆ ನೀವು ಅತ್ತು, ಆಮೇಲೆ ಕಲೀತಿದ್ರಿ ಅಲ್ವಾ?" ನನ್ನ ಬಳಿ ಉತ್ತರ ಇರಲಿಲ್ಲ. ಅಪ್ಪ ನನ್ನ ಮರ್ಯಾದೆ ಉಳಿಸಿದರು. ಆದರೆ ಅವರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಹಾಗಾಗಿ ನಮ್ಮ ಮನೆಯ ಸಂಗೀತ ಅಪ್ಪನ ಜೊತೆಗೇ ಅಟ್ಟ ಸೇರಿತು.

ಹಿರಿಯರು ಹೊಸ ರೀಡು ಹಾಕಿ ಕೊಟ್ಟರು. ಗುಜರಾತಿನ ಪಾಲಿತಾಣ ಎಂಬ ಊರು ಈ ರೀಡುಗಳಿಗೆ ಹೆಸರುವಾಸಿ. ಹಳೆಯದನ್ನು ಹಾಗೇ ಬಿಡೋಣವೇ ಎಂದು ನಾನು ಕೇಳಿದ್ದೆ. "ಬೇಡ ತಾತ, ನುಡಿಸೋಕೆ ತಾನೇ ಸರಿ ಮಾಡಿಸ್ತಿರೋದು?" ಎಂದಳು ಮೊಮ್ಮಗಳು. ಕೆಟ್ಟ ರೀಡು ಈಗ ಅವಳ ಜಾಮಿಟ್ರಿ ಬಾಕ್ಸಿನಲ್ಲಿದೆ.

ನಿಮ್ಮ ಮನೆಯಲ್ಲೂ ಇಂಥ ಪೆಟ್ಟಿಗೆ ಇದ್ದರೆ ಕಾಪಾಡುವುದು ಕಷ್ಟವಲ್ಲ. ನೆಲದ ಮೇಲಿಡದೆ ಮಣೆ ಅಥವಾ ಮೇಜಿನ ಮೇಲಿಡಿ. ಅರಕಲಗೂಡು ಕಡೆಯ ಮಳೆಗಾಲದಲ್ಲಿ ಮರ ಉಬ್ಬಿ ಮನೆಗಳು ಸಿಕ್ಕಿಕೊಳ್ಳುತ್ತವೆ. ಬಲವಂತ ಮಾಡದೆ, ಗಾಳಿಯಾಡುವ ಒಣ ಕೋಣೆಗೆ ಒಯ್ದು ಕಾಯಿರಿ. ಹಾಗೆಂದು ಬಿಸಿಲಿಗೂ ಇಡಬೇಡಿ, ಚರ್ಮ ಬಿರಿಯುತ್ತದೆ, ಅಂಟು ಬಿಡುತ್ತದೆ. ಒದ್ದೆ ಬಟ್ಟೆ ಬೇಡ. ತಿದಿಯನ್ನು ರೊಟ್ಟಿ ಬಡಿದಂತೆ ಬಡಿಯಬೇಡಿ, ಜೋಕಾಲಿ ತೂಗಿದಂತೆ ಒತ್ತಿ. ನುಡಿಸಿದ ಮೇಲೆ ಗುಬುಟುಗಳನ್ನು ಒಳಕ್ಕೆ ತಳ್ಳಿ, ತಿದಿಯ ಕೊಕ್ಕೆ ಹಾಕಿ, ಬಟ್ಟೆ ಮುಚ್ಚಿ. ವಾರಕ್ಕೆ ಎರಡು ಸಲವಾದರೂ ಎಲ್ಲ ಮನೆಗಳನ್ನೂ ನುಡಿಸಿ, ಗಾಳಿ ಆಡುತ್ತಿದ್ದರೆ ಧೂಳು ನೆಲೆಯೂರುವುದಿಲ್ಲ. ರೀಡು ಕೆರೆಯುವ ಕೆಲಸ ಮಾತ್ರ ಬಲ್ಲವರಿಗೆ ಬಿಡಿ. ಪಿಯಾನೋ ಇರುವ ಅದೃಷ್ಟವಂತರಿಗೂ ಇದೇ ಮಾತು. ಬಿಸಿಲು, ತೇವ ಎರಡರಿಂದಲೂ ದೂರ ಇಡಿ, ಮುಚ್ಚಳದ ಮೇಲೆ ಹೂದಾನಿ, ಕಾಫಿ ಲೋಟ ಇಡಬೇಡಿ, ವರ್ಷಕ್ಕೆ ಒಂದೆರಡು ಸಲ ಶ್ರುತಿ ಮಾಡುವವರನ್ನು ಕರೆಸಿ.

ಅಜ್ಜ ಅಜ್ಜಿಯರೇ, ನಿಮಗೊಂದು ಮಾತು. ಮೊಮ್ಮಕ್ಕಳು ನಿಮ್ಮ ಪೆಟ್ಟಿಗೆ ಮುಟ್ಟಿ ಕೆಡಿಸಿದರೆ ಸುಮ್ಮನಿರಬೇಡಿ. ಪಕ್ಕದಲ್ಲಿ ಕೂರಿಸಿಕೊಂಡು ಹೇಗೆ ಕೆಟ್ಟಿತು, ಹೇಗೆ ಸರಿಯಾಗುತ್ತದೆ ಎಂದು ತೋರಿಸಿ. ಮಕ್ಕಳೇ, ನೀವೂ ಅಷ್ಟೆ. ಕೆಡಿಸಿದ್ದರೆ ಅಂದೇ ಹೋಗಿ ಹೇಳಿ. ಅವರಿಗೆ ಹೇಗೂ ಗೊತ್ತಿರುತ್ತದೆ.

ಈಗ ನಮ್ಮ ಮನೆಯಲ್ಲಿ ಸಂಜೆ ಆರಕ್ಕೆ ಪಾಠ. ಮೊಮ್ಮಗಳು ಸರಳೆ ವರಸೆಯ ಮೂರನೆಯದರಲ್ಲಿದ್ದಾಳೆ. ನಾನು ಇನ್ನೂ ಮೊದಲನೆಯದರಲ್ಲೇ ಇದ್ದೇನೆ. ಆದರೆ ಪಂಚಮದ ಮನೆ ಎಲ್ಲಿದೆ ಎಂದು ನನಗೆ ಯಾರೂ ತೋರಿಸಬೇಕಾಗಿಲ್ಲ.

ಮುಂದಿನ ವಾರ ಮತ್ತೆ ಸಿಗೋಣ.